ಮುಂದೆ ಹೋಗದ ರೈಲು

ಪಕ್ಕದ ಅಪಾರ್ಟ್‌ಮೆಂಟಿನ ಆಂಟಿ ಹಾಂಗ್‌ಕಾಂಗಿನವರು. ಈ ಪರದೇಶದಲ್ಲಿ ನಾವು ಇಳಿಯುವ ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ರೈಲು ನಿಂತು, ಇದೇ ಕೊನೆ, ಎಲ್ಲರೂ ಇಳಿಯಿರಿ ಎಂದು ಕೂಗಿದಾಗಲೆಲ್ಲ ಅವರ ಕೈ ಸೀಟಿನ ಪಕ್ಕದ ಕಂಬವನ್ನು ಬಿಡುತ್ತಿರಲಿಲ್ಲ. ನಾನೇ ಎಬ್ಬಿಸಿ ಇಳಿಸಬೇಕಿತ್ತು. ಯಾಕೆ ಅಂತ ಗೊತ್ತಾಗೋಕೆ ಎರಡು ವರ್ಷ ಹಿಡಿಯಿತು.

ಬ್ರಿಟಿಷರು ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸುವ ಮುಂಚೆ, ಅಲ್ಲಿ ಚುನಾವಣೆ ಹೇಗೆ ನಡೆಯಬೇಕೆಂದು ಎರಡೂ ಸರ್ಕಾರಗಳು ಬಾಗಿಲು ಹಾಕಿಕೊಂಡು ಮಾತಾಡಿದ್ದವು. ಆಂಟಿ ಬ್ರಿಟಿಷರ ಕಡೆಯ ದುಭಾಷಿ. ಗೆದ್ದವರು ಬಾವುಟ ಬದಲಾದ ಮೇಲೂ ಅದೇ ಕುರ್ಚಿಯಲ್ಲಿ ಮುಂದುವರಿಯುವ ಏರ್ಪಾಡಿಗೆ ಆಗ ಎಲ್ಲರೂ ‘ಥ್ರೂ ಟ್ರೇನು’ ಅನ್ನುತ್ತಿದ್ದರಂತೆ. ಗಡಿಯಲ್ಲಿ ಯಾರೂ ಇಳಿಯಬೇಕಾಗಿಲ್ಲ, ನೇರ ದಾಟುತ್ತದೆ.

ಅವರ ತಮ್ಮ ಮೇಷ್ಟ್ರಾಗಿದ್ದ. ಕೆಲಸ ಬಿಟ್ಟು ಚುನಾವಣೆಗೆ ಓಡಾಡುವ ಮುಂಚೆ ಊಟಕ್ಕೆ ಕೂತಾಗ ಕೇಳಿದನಂತೆ: “ಅಕ್ಕಾ, ರೈಲು ಮುಂದೆ ಹೋಗುತ್ತಾ?”

ಮಾತುಕತೆ ಮುರಿದು ಬೀಳುತ್ತಿರುವುದು ಆಂಟಿಗೆ ಗೊತ್ತಿತ್ತು. ಹೊರಗೆ ಬಾಯಿ ಬಿಡುವುದಿಲ್ಲವೆಂದು ಪ್ರಮಾಣ ಮಾಡಿದ್ದರು. ಮೀನಿನ ಮುಳ್ಳು ಬಿಡಿಸುತ್ತ ಸುಮ್ಮನಿದ್ದರು. ಅವನು ಅದನ್ನೇ ಹೂಂ ಅಂದುಕೊಂಡ. ಕೆಲಸ ಬಿಟ್ಟ, ನಿಂತ, ಗೆದ್ದ. ಬಾವುಟ ಬದಲಾಯಿತು, ಅವನು ಗೆದ್ದಿದ್ದ ಶಾಸನಸಭೆಯೇ ಇಲ್ಲವಾಯಿತು. ಶಾಲೆಯವರು ವಾಪಸು ಕರೆಯಲಿಲ್ಲ. ಅಕ್ಕನ ಹತ್ತಿರ ಅವನು ಜಗಳವಾಡಲಿಲ್ಲ, ಮಾತೇ ಬಿಟ್ಟ.

ಹೋದ ವರ್ಷ, ಬರುತ್ತೇನೆಂದು ಅವನೇ ಫೋನು ಮಾಡಿದ.

“ಏರ್‌ಪೋರ್ಟಿಗೆ ನೀನೂ ಬಾ,” ಅಂದರು ಆಂಟಿ. “ಅವನಿಗೆ ಇಂಗ್ಲಿಷು ಬರಲ್ಲ. ನೀನಿದ್ದರೆ ನಾನು ದುಭಾಷಿ. ಇಲ್ಲದಿದ್ದರೆ ಅಕ್ಕ ಆಗಬೇಕಾಗುತ್ತೆ.”

ಆ ಕೆಲಸ ನನಗೂ ಗೊತ್ತು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಬ್ಯಾಂಕಿನಲ್ಲಿ ಮ್ಯಾನೇಜರರ ಇಂಗ್ಲಿಷನ್ನು ಅಪ್ಪನಿಗೆ ಕನ್ನಡ ಮಾಡುತ್ತಿದ್ದೆ. “ಬೈದ್ರೆ ಬೈಗುಳಾನೂ ಹೇಳವ್ವ, ಅದಕ್ಕೇ ಅಲ್ವಾ ಓದ್ಸಿದ್ದು,” ಅನ್ನುತ್ತಿದ್ದ ಅಪ್ಪ. ಆಂಟಿಗೆ ಇದನ್ನು ಹೇಳಿದಾಗ ಅವರು ನಕ್ಕಿರಲಿಲ್ಲ.

ಏರ್‌ಪೋರ್ಟಿನಿಂದ ಬರುವ ರೈಲಿನಲ್ಲಿ ಆಂಟಿಯ ತಮ್ಮ ನನ್ನ ಜೊತೆಗೇ ಮಾತಾಡಿದ, ಅಕ್ಕನ ಬಾಯಿಂದ. “ನಿಮ್ಮ ದೇಶದಲ್ಲಿ ಒಂದು ಸಲ ಗೆದ್ದವರು ಕುರ್ಚಿ ಬಿಡೋದೇ ಇಲ್ಲವಂತೆ? ಪುಣ್ಯವಂತರು!” ಆಂಟಿ ಅದನ್ನೂ ನೆಟ್ಟಗೆ ಇಂಗ್ಲಿಷು ಮಾಡಿದರು.

ಬೆರ್ರಿಯೆಸಾ ಬಂತು. ಬಾಗಿಲು ತೆರೆಯಿತು, ಬೋಗಿ ಖಾಲಿಯಾಯಿತು. ಆಂಟಿಯ ಕೈ ಕಂಬದ ಮೇಲೆ. ತಮ್ಮ ಏನೋ ಕೇಳಿದ. ಇನ್ನೊಮ್ಮೆ ಕೇಳಿದ.

“ಈ ರೈಲು ಮುಂದೆ ಹೋಗುತ್ತಾ ಅಂತ ಕೇಳ್ತಿದ್ದಾನೆ,” ಅಂದರು ನನಗೆ.

ನಾನಂದೆ: “ಇಲ್ಲ. ಇದೇ ಕೊನೆ.”

ಅವರು ಅವನ ಭಾಷೆಯಲ್ಲಿ ಹೇಳಿದರು. ಚಿಕ್ಕ ಮಾತು. ಅವನು ನನ್ನ ಕಡೆ ತಿರುಗಲೇ ಇಲ್ಲ. ಅಕ್ಕನನ್ನೇ ನೋಡುತ್ತ ಕಾದ. ಆಂಟಿ ಅದೇ ಮಾತನ್ನು ಇನ್ನೊಂದು ಸಲ ಹೇಳಿದರು. ಈ ಸಲ ನಾನು ಏನೂ ಹೇಳಿರಲಿಲ್ಲ.

ಅವನು ಚೀಲ ಎತ್ತಿಕೊಂಡು ಇಳಿದ. ಪ್ಲಾಟ್‌ಫಾರ್ಮಿನಲ್ಲಿ ನಮಗೆ ಬೆನ್ನು ಹಾಕಿ ನಿಂತ; ಹೋಗಲೂ ಇಲ್ಲ, ತಿರುಗಲೂ ಇಲ್ಲ. ನಾನು ಆಂಟಿಯ ಬೆರಳುಗಳನ್ನು ಒಂದೊಂದಾಗಿ ಕಂಬದಿಂದ ಬಿಡಿಸತೊಡಗಿದೆ.