ಚರಂಡಿಯಲ್ಲಿ ಸಿಕ್ಕ ಆರು ಕಲ್ಲು

ಆಗೆಲ್ಲ ನಮ್ಮ ಹಿತ್ತಿಲ ಹೊಳೆಯಲ್ಲಿ ಮೀನಿಗಿಂತ ಹೆಂಗಸರೇ ಹೆಚ್ಚು. ಮಲೇಷ್ಯಾದ ಇಪೋ ಹತ್ತಿರದ ತವರದ ಗಣಿಗಳ ಊರು ಅದು. ಮೈಸೂರಿನಿಂದ ಬಂದ ಅಪ್ಪ ಅಲ್ಲಿ ಡಾಕ್ಟರು. ಅಗಲ ಟೋಪಿಯ ಚೀನೀ ಹೆಂಗಸರು ಮೊಣಕಾಲುದ್ದ ನೀರಲ್ಲಿ ಬಗ್ಗಿ, ದುಲಾಂಗ್ ಎಂಬ ಮರದ ತಟ್ಟೆಯಲ್ಲಿ ಅಕ್ಕಿ ಜಾಲಿಸಿದ ಹಾಗೆ ಮರಳು ಜಾಲಿಸುತ್ತಿದ್ದರು. ಹಗುರವಾದದ್ದೆಲ್ಲ ನೀರಿನ ಜತೆ ಹೋಗಿ, ತಳದಲ್ಲಿ ಹಿಡಿಯಷ್ಟು ಕಪ್ಪು ಪುಡಿ ಉಳಿಯುತ್ತಿತ್ತು. ಅದೇ ತವರದ ಅದಿರು.

ಅವರಲ್ಲೊಬ್ಬರು ನಮ್ಮ ಬೇಲಿಯಾಚೆಯ ಲಾನ್ ಆಂಟಿ. ಅವರ ಮಾತು ಅರ್ಧ ಮಲಾಯ್, ಅರ್ಧ ಅಂಗಡಿ ತಮಿಳು. ನನ್ನ ನೆನಪಿನಲ್ಲಿ ಅದೆಲ್ಲ ಈಗ ಕನ್ನಡವೇ ಆಗಿಬಿಟ್ಟಿದೆ, ಅಲ್ಲಿನವರು ಮಾತಿನ ಕೊನೆಗೆ ಅಂಟಿಸುವ ಆ ‘ಲಾ’ ಒಂದನ್ನು ಬಿಟ್ಟು.

“ಬೆಟ್ಟ ಒಳಗೊಳಗೇ ಸವೆಯುತ್ತೆ, ಮಳೆ ಕೆಳಗೆ ತರುತ್ತೆ. ಭಾರ ಇರೋದು ದೂರ ಹೋಗಲ್ಲ. ಅಲ್ಲೇ ಕೂತು ಕಾಯುತ್ತೆ ಲಾ” ಎನ್ನುತ್ತಿದ್ದರು.

ಅವರ ಮನೆಯಲ್ಲಿ ಹಂದಿಮಾಂಸ ಬೇಯುತ್ತದೆಂದು ಅಮ್ಮನ ಸ್ನೇಹವೆಲ್ಲ ಬೇಲಿಯ ಮೇಲೆಯೇ. ಬಾಳೆಹಣ್ಣು ಈಚೆ ಬರುತ್ತಿತ್ತು, ಚಕ್ಕುಲಿ ಆಚೆ ಹೋಗುತ್ತಿತ್ತು, ಆಂಟಿ ಮಾತ್ರ ಒಳಗೆ ಬಂದಿರಲಿಲ್ಲ.

ನನಗೆ ಒಂಬತ್ತು ವರ್ಷ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಮ್ಮ ತನ್ನ ಏಳು ಕಲ್ಲಿನ ವಜ್ರದ ಮೂಗುಬೊಟ್ಟನ್ನು ತೆಗೆದು, ಅಂಟುವಾಳದ ನೀರಿನ ಬಟ್ಟಲಿನಲ್ಲಿ ನೆನೆಹಾಕಿದ್ದಳು. ತೂತು ಮುಚ್ಚದಿರಲೆಂದು ಮೂಗಿಗೆ ಬೇವಿನ ಕಡ್ಡಿ. ಅದು ಅಜ್ಜಿಯ ಮೂಗುಬೊಟ್ಟು. ಅಜ್ಜಿ ತೀರಿಕೊಂಡಾಗ ಅಮ್ಮನಿಗೆ ಊರಿಗೆ ಹೋಗಲೂ ಆಗಿರಲಿಲ್ಲ; ಉಳಿದದ್ದು ಅದೊಂದೇ.

ಮನೆ ತುಂಬ ಒಬ್ಬಟ್ಟಿನ ಬೇಳೆ ಬೇಯುವ ವಾಸನೆ. ಜಾಣೆ ಎನ್ನಿಸಿಕೊಳ್ಳಲು ನಾನು ಪಾತ್ರೆ ತೊಳೆಯಲು ಕೂತೆ. ನೊರೆನೊರೆ ಕೊಳೆನೀರಿದ್ದ ಬಟ್ಟಲನ್ನೂ ಚರಂಡಿಗೆ ಚೆಲ್ಲಿ, ತಿಕ್ಕಿ ಬೋರಲು ಹಾಕಿದೆ.

“ಪುಟ್ಟೀ, ಇಲ್ಲಿದ್ದ ಬಟ್ಟಲೆಲ್ಲೇ?”

“ತೊಳೆದಿಟ್ಟೆ ಅಮ್ಮ.”

ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. “ನಾಳೆ ಈ ಕಡ್ಡಿ ಇಟ್ಕೊಂಡು ದೇವರ ಮುಂದೆ ಹೇಗೆ ಕೂರಲಿ” ಎಂದು ಮೆಟ್ಟಿಲ ಮೇಲೆ ಕುಸಿದಳು. ನಾನು ಬೇಲಿ ನುಸುಳಿ ಓಡಿದೆ.

ಆಂಟಿ ದುಲಾಂಗ್ ಹೊತ್ತು ಬಂದವರೇ, “ಯಾರೂ ಒಂದು ತೊಟ್ಟು ನೀರು ಚೆಲ್ಲಬೇಡಿ” ಎಂದು ಅಪ್ಪನಿಗೂ ಗದರಿದರು. ಚರಂಡಿ ತಿರುಗುವ ಮೂಲೆಯವರೆಗೂ ಕೆಸರು ಕೆರೆದು ತುಂಬಿಕೊಂಡರು. “ಡಾಕ್ಟರಮ್ಮ, ಎಷ್ಟು ಬೇಳೆ ಇದರಲ್ಲಿ. ಒಂದು ಮನೆಗೆ ಊಟವಾಗುತ್ತೆ ಲಾ.” ಅಮ್ಮನಿಗೆ ಅಳುವಿನ ನಡುವೆಯೇ ನಗು ಬಂತು.

ಬಕೆಟ್ಟಿನ ಮೇಲೆ ತಟ್ಟೆ ತಿರುಗಿತು. ಎರಡು ಸಲ ಬರೀ ಮರಳು. ಮೂರನೆಯ ಸಲ ತಳದ ಕಪ್ಪು ಗೆರೆಯ ಅಂಚಿನಲ್ಲಿ ಹಳದಿ ಮಿಂಚಿತು. ಅಮ್ಮ ಕೈಮುಗಿದುಬಿಟ್ಟಳು, ದೇವರಿಗೋ ಆಂಟಿಗೋ ತಿಳಿಯಲಿಲ್ಲ. ಆದರೆ ಕಲ್ಲು ಆರೇ ಇದ್ದವು.

“ಒಂಟಿ ಕಲ್ಲು ಹಗುರ, ಮರಳಿನ ಜತೆ ಹೋಯ್ತು. ಚಿನ್ನ ಹಿಡ್ಕೊಂಡಿದ್ದು ಉಳೀತು” ಎಂದರು ಆಂಟಿ. ಮನೆಗೆ ಹೋಗಿ ಮುಲಾಮಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ನೀರಿನಷ್ಟು ತಿಳಿಯಾದ ಒಂದು ಪುಟ್ಟ ಕಲ್ಲು. ಬಿಳಿ ಪುಷ್ಯರಾಗವಂತೆ, ತವರ ಜಾಲಿಸುವಾಗ ಸಿಕ್ಕಿದ್ದು. “ಇಟ್ಕೊಳ್ಳಿ, ನನ್ನ ಮೂಗಿಗೆ ತೂತಿಲ್ಲ.”

ಮರುದಿನ ಅಮ್ಮ ಆರು ಕಲ್ಲಿನ ಮೂಗುಬೊಟ್ಟಿನಲ್ಲೇ ಪೂಜೆ ಮಾಡಿದಳು. ಆಮೇಲೆ ಆಂಟಿಯನ್ನು ಕೈಹಿಡಿದು ಒಳಗೆ ಕರೆತಂದು, ಚಾಪೆ ಹಾಸಿ, ಮೊದಲ ತಾಂಬೂಲ ಅವರಿಗೇ ಕೊಟ್ಟಳು. ಆಂಟಿ ಮೂರು ಒಬ್ಬಟ್ಟು ತಿಂದರು. ಎಷ್ಟೋ ದಿನದ ಮೇಲೆ ಇಪೋದ ತಮಿಳು ಆಚಾರಿ ಆ ಪುಷ್ಯರಾಗವನ್ನು ಸಾಣೆ ಹಿಡಿದು ಕೂರಿಸಿಕೊಟ್ಟ.

ಅಮ್ಮ ಹೋದ ಮೇಲೆ ಆ ಮೂಗುಬೊಟ್ಟು ನನ್ನ ಮೂಗಿಗೆ ಬಂತು. ಆಂಟಿಯೂ ಇಲ್ಲ, ಹೊಳೆಯಲ್ಲಿ ಬಗ್ಗುವವರೂ ಇಲ್ಲ. ಈಗ ನಾವಿರುವ ಪುಚೊಂಗ್‌ನ ಕಾಂಡೋ ಎದುರಿನ ಕೆರೆ ಒಂದು ಕಾಲದ ಗಣಿಗುಂಡಿ. ಜನ ಅದರ ಸುತ್ತ ವಾಕಿಂಗ್ ಮಾಡುತ್ತಾರೆ. “ಒನ್ ಸ್ಟೋನ್ ಡಲ್ ಆಗಿದೆ ಲಾ ಅಮ್ಮ, ಚೇಂಜ್ ಮಾಡ್ಸು” ಎನ್ನುತ್ತಾಳೆ ಮಗಳು. ಮಾಡಿಸುವುದಿಲ್ಲ. ಆರು ತಿರುಗಿ ಬಂದವು, ಏಳನೆಯದನ್ನು ದೇವರು ಬೇರೆ ಕೈಯಿಂದ ಕೊಟ್ಟ, ಇಷ್ಟು ಸಾಕು.

ಮೂಗುಬೊಟ್ಟು ತೊಳೆಯುವ ದಿನ ಮಾತ್ರ ಬಟ್ಟಲಿನ ಪಕ್ಕದಿಂದ ನಾನು ಏಳುವುದಿಲ್ಲ. ಹತ್ತೊಂಬತ್ತನೇ ಮಹಡಿ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಚೆಲ್ಲಿಹೋದರೆ, ಅಳುತ್ತ ಓಡಿಹೋಗಲು ಈಗ ಯಾವ ಬೇಲಿಯಿದೆ?