ತವರ ಮಣ್ಣಿನ ಸಮೇತ ಬಂದ ಗಿಡ

ಕೊರಿಯರ್ ಬಿಟ್ಟು ನಾನೂರಾ ಐವತ್ತು ರೂಪಾಯಿ. ಅಂಗೈಯಲ್ಲಿ ಮುಚ್ಚಿಡಬಹುದಾದ ಗಿಡಕ್ಕೆ ಅಷ್ಟು ಕೊಟ್ಟೆನೆಂದರೆ ಬೈಲಹೊಂಗಲದಲ್ಲಿ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಮನೋಳಿಯ ಹೊಳೆದಂಡೆಯಿಂದ ಮೆಣಸಿನ ಅಗಿ, ಅಂದರೆ ನಾಟಿ ಮಾಡುವ ಸಸಿ, ಹೊತ್ತು ಸವದತ್ತಿ ಸಂತೆಯಲ್ಲಿ ಮಾರಿ, ಅದರಿಂದಲೇ ಇಲ್ಲಿ ನರ್ಸರಿ ಕಟ್ಟಿದವಳು ನಾನು. ಹೆಚ್ಚು ಕೊಟ್ಟರೆ ಅದಕ್ಕೊಂದು ಕಾರಣವಿರುತ್ತದೆ. ಕಿತ್ತೂರಿನ ಕಾಲೇಜೊಂದರ ಸಸ್ಯಶಾಸ್ತ್ರದ ಮಾಸ್ತರರು ಹುಡುಗರಿಗೆ ತೋರಿಸಲು ಕೀಟ ತಿನ್ನುವ ಗಿಡ ಬೇಕೆಂದಿದ್ದರು. ಸರಿಯಾದದ್ದು ತಂದುಕೊಟ್ಟರೆ ಕಾಲೇಜಿನ ಹೊಸ ತೋಟದ ಕೆಲಸ ಪೂರ್ತಿ ನನಗೆ.

ಅವರದು ಒಂದೇ ಷರತ್ತು. “ಬೆಳೆಸಿದ್ದು ಬೇಕ್ರಿ ಅಕ್ಕಾರ. ಅಡವ್ಯಾಗಿಂದ ಕಿತ್ತು ತಂದದ್ದಿದ್ರ ನಾ ಮುಟ್ಟೂದಿಲ್ಲ.”

ಕಿತ್ತೂರಿನ ಹೊರಗೆ ನೀರು ಜಿನುಗುವ ಒಂದು ಇಳಿಜಾರಿನಲ್ಲಿ ಮಳೆ ಹಿಂದೆ ಸರಿಯುವಾಗ ಸನ್‌ಡ್ಯೂ ಎಂಬ ಈ ಗಿಡ ಕೆಂಪು ಬಿಲ್ಲೆಗಳ ಹಾಗೆ ನೆಲಕ್ಕಂಟಿ ಹರಡುತ್ತಿತ್ತಂತೆ. ಎಲೆಯ ಮೇಲಿನ ಅಂಟು ಹನಿಗೆ ಇರುವೆ ಸಿಕ್ಕಿಕೊಳ್ಳುವುದನ್ನು ಅವರು ಹುಡುಗರಿಗೆ ಅಲ್ಲೇ ಕೂರಿಸಿ ತೋರಿಸುತ್ತಿದ್ದರು. ಯಾರೋ ಅಗೆದು ಒಯ್ಯಲು ಶುರುಮಾಡಿದ ಮೇಲೆ ಅಲ್ಲಿ ಗುಳಿಗಳಷ್ಟೇ ಉಳಿದಿದ್ದವು.

ನಮ್ಮೂರಿಗೆ ಸೈಬರ್ ಕೆಫೆ ಬಂದ ಹೊಸತು. ಅಲ್ಲಿ ಹುಡುಕಿಸಿದಾಗ ಒಬ್ಬ ಮಾರುವವ ಸಿಕ್ಕ. ಚಿತ್ರದ ಕೆಳಗೆ ‘ಮನೆಯಲ್ಲೇ ಬೆಳೆಸಿದ್ದು’ ಎಂದು ದಪ್ಪ ಅಕ್ಷರದಲ್ಲಿ ಹಾಕಿಕೊಂಡಿದ್ದ. ಫೋನ್ ಮಾಡಿದೆ. ಬೆಳಗಾವಿಯ ಆಚೆ ಎಲ್ಲೋ ಇರುವುದಾಗಿ ಹೇಳಿದ. ಊರಿನ ಹೆಸರು ಕೇಳಿದರೆ ಮಾತು ಹೊರಳಿಸಿದ. ಆರು ನೂರು ಎಂದ. ನಾನು ಕಡಿಮೆಗೆ ಕೇಳಿದೆ. ಎರಡನೇ ಮಾತಿಗೇ ಇಳಿದ. ಆಗಲೇ ನನಗೆ ಸಣ್ಣಗೆ ಚುಚ್ಚಿತು. ಬೆವರು ಸುರಿಸಿ ಬೆಳೆಸಿದವನು ಅಷ್ಟು ಸಲೀಸಾಗಿ ಇಳಿಯುವುದಿಲ್ಲ, ಜಗಳಕ್ಕೆ ನಿಲ್ಲುತ್ತಾನೆ. ಬೇಗ ಇಳಿಯುವವನಿಗೆ ಮಾಲು ಪುಕ್ಕಟೆ ಬಂದಿರುತ್ತದೆ.

ಆದರೂ ರೂಢಿಯ ಮಾತೊಂದು ಬಾಯಿಂದ ಬಂದೇಬಿಟ್ಟಿತು: ನಿಂತ ಮಣ್ಣಿನ ಸಮೇತ ಕಳಿಸಿ. ಮನೋಳಿಯಲ್ಲಿ ಅಗಿ ಕೊಳ್ಳುವವರು ಅದು ಬೆಳೆದ ಮಡಿಯ ಒಂದು ಹಿಡಿ ಕೆಸರನ್ನು ಬೇರಿಗೆ ಮೆತ್ತಿಸಿಕೊಂಡೇ ಒಯ್ಯುತ್ತಾರೆ. ತವರ ಮಣ್ಣಿಲ್ಲದ ಗಿಡ ಹೊಸ ಹೊಲದಲ್ಲಿ ಅಳುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಆ ಮಾರುವವ ಖುಷಿಯಿಂದ ಒಪ್ಪಿಕೊಂಡ.

ಪೊಟ್ಟಣ ಬಂದಾಗ ರಾಮದುರ್ಗದ ಸೀರೆ ಅಂಗಡಿಯವರೊಬ್ಬರು ಗುಲಾಬಿ ಕೊಳ್ಳಲು ಬಂದು ಕುಳಿತಿದ್ದರು. ಬಿಚ್ಚಿದೆ. ಮುಷ್ಟಿಯಷ್ಟು ಮಣ್ಣು, ಬೇರು ಭದ್ರ. ಮೊದಲು ನನಗೆ ಸಂತೋಷವೇ ಆಯಿತು. ಆಮೇಲೆ ಹೆಂಟೆಯನ್ನು ತಿರುಗಿಸಿದೆ. ಕುಂಡದ ಗಿಡದ ಬೇರು ಕುಂಡದ ಆಕಾರ ಹಿಡಿದಿರುತ್ತದೆ. ಇದರ ಒಂದು ಮಗ್ಗಲು ಕುರ್ಪಿಯಿಂದ ಕೊಯ್ದಂತೆ ನುಣ್ಣಗಿತ್ತು. ಹರಳು ಹರಳಾದ ಕೆಂಪು ಗರಸಿನ ನಡುವೆ ಹುಲ್ಲಿನ ಬೇರು ಹೆಣೆದುಕೊಂಡಿತ್ತು. ಹುಲ್ಲಿನ ಪಕ್ಕದಲ್ಲಿ ನಾವು ಯಾರೂ ಬಿತ್ತದ, ಎಳೆಯಷ್ಟು ತೆಳ್ಳನೆಯ ಹಳದಿ ಹೂವಿನ ಇನ್ನೊಂದು ಗಿಡ. ಮನೆಯಲ್ಲಿ ಯಾರು ಹುಲ್ಲು ಸಾಕುತ್ತಾರೆ?

ಅಲ್ಲೇ ಕುಳಿತು ಮತ್ತೆ ಫೋನ್ ಮಾಡಿದೆ. ಸಂಶಯ ತೋರಿಸಲಿಲ್ಲ, ದೊಡ್ಡ ಗಿರಾಕಿಯ ದನಿ ತೆಗೆದೆ.

“ಇದರ ಮರಿ ಅದಾವೇನ್ರಿ?”

“ಮರಿ ಯಾಕ್ರಿ? ದೊಡ್ಡವ ಬೇಕಾದಷ್ಟು ಕಳಸ್ತೇನಿ. ದೀಪಾವಳಿ ತನಕ ಅಷ್ಟ.”

“ಆಮ್ಯಾಲ?”

“ಆಮ್ಯಾಲ ನೆಲಾ ಒಣಗತೈತಲ್ರಿ.”

ನೆಲ ಎಂದ, ಕುಂಡ ಎನ್ನಲಿಲ್ಲ. ದಿನಾ ನೀರು ಹಾಕುವ ಮನೆಯಲ್ಲಿ ದೀಪಾವಳಿಗೆ ಏನು ಒಣಗುತ್ತದೆ? ನಾನು ಫೋನ್ ಇಟ್ಟೆ.

ಸೀರೆ ಅಂಗಡಿಯವರು ಗಿಡದಿಂದ ಕಣ್ಣು ತೆಗೆದಿರಲಿಲ್ಲ. ಆಗಷ್ಟೇ ಎಲೆಗೆ ಅಂಟಿಕೊಂಡ ನೊಣವೊಂದು ಕಾಲಾಡಿಸುತ್ತಿತ್ತು. ಅಂಗಡಿಯಲ್ಲಿ ಇಟ್ಟರೆ ಹೆಂಗಸರು ನೋಡಲಿಕ್ಕಾದರೂ ಬರುತ್ತಾರೆಂದು ದುಪ್ಪಟ್ಟು ಕೊಡಲು ತಯಾರಾದರು. “ಕೊಡ್ರಿ ಅಕ್ಕಾರ, ನಾ ಏನ್ ಅದರ ಜಾತಕಾ ಕೇಳೂದಿಲ್ಲ.”

“ಕೇಳಾವ್ರು ಕಿತ್ತೂರಾಗ ಕುಂತಾರ್ರಿ” ಎಂದೆ. ಅವರಿಗೆ ಮಾರಿದ್ದರೆ ಮರುದಿನವೇ ಇನ್ನೊಂದು ತರಿಸುವ ಆಸೆ ನನಗೇ ಹುಟ್ಟುತ್ತಿತ್ತು. ಮಾತು ಬಸ್ಸು ಹತ್ತಿ ಕಿತ್ತೂರಿಗೂ ಹೋಗುತ್ತಿತ್ತು.

ಗಿಡ ಹಿಡಿದು ನಾನೇ ಮಾಸ್ತರರ ಹತ್ತಿರ ಹೋದೆ. ಇದು ಕಿತ್ತದ್ದು, ನೀವು ಮುಟ್ಟಬೇಡಿ, ನೋಡಿ ಅಷ್ಟೇ ಎಂದೆ. ಅವರು ಬಾಗಿ ಆ ಕೆಂಪು ಗರಸನ್ನು ಬಹಳ ಹೊತ್ತು ನೋಡಿದರು. ತಮ್ಮ ಇಳಿಜಾರಿನ ಮಣ್ಣೂ ಹೀಗೇ ಕೆಂಪು ಎಂದರು. ಬೀಜ ಬಿಡುವ ತನಕ ಇದನ್ನು ಉಳಿಸಿಕೊಳ್ಳಿ ಎಂದರು.  ಆ ವರ್ಷ ಕಾಲೇಜಿನ ತೋಟದ ಕೆಲಸ ಯಾರಿಗೂ ಸಿಗಲಿಲ್ಲ.

ಬೀಜ ಪುಡಿಯಂತೆ ಸಣ್ಣ. ತೆಂಗಿನ ನಾರಿನ ಪುಡಿ ಮತ್ತು ತೊಳೆದ ಮರಳಿನ ಮೇಲೆ ಉದುರಿಸಿ, ಮಳೆನೀರು ತುಂಬಿದ ತಾಟಿನಲ್ಲಿಟ್ಟೆ. ಮುಂದಿನ ಬೇಸಿಗೆಯಲ್ಲಿ, ಹೊರಗೆ ಎಲ್ಲ ಸುಟ್ಟುಹೋಗಿದ್ದಾಗ, ಮಾಸ್ತರರು ಬಂದರು. ನನ್ನ ತಾಟುಗಳಲ್ಲಿ ಸಾಸಿವೆಯಷ್ಟಿದ್ದವೂ ಇದ್ದವು, ನಾಣ್ಯದಷ್ಟಾದವೂ ಇದ್ದವು. ಹೋಗುವಾಗ ತೋಟದ ನಕ್ಷೆಯನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದರು.

ನೀವೂ ಆನ್‌ಲೈನಿನಲ್ಲಿ ಕೊಳ್ಳುವವರಾದರೆ ‘ಮನೆಯಲ್ಲೇ ಬೆಳೆಸಿದ್ದು’ ಎಂಬ ಮಾತಿಗೆ ಹಣ ಕೊಡಬೇಡಿ. ಮರಿಗಳ ಚಿತ್ರ ಕೇಳಿ. ಬೆಳೆಸುವವನ ಹತ್ತಿರ ಎಲ್ಲ ವಯಸ್ಸಿನವೂ ಇರುತ್ತವೆ, ಕೀಳುವವನ ಹತ್ತಿರ ದೊಡ್ಡವು ಮಾತ್ರ. ಹೂಜಿಯಂಥ ಎಲೆಯಲ್ಲಿ ಕೀಟ ಹಿಡಿಯುವ ಹೂಜಿ ಗಿಡವಾದರೆ ಬುಡ ತೋರಿಸಲು ಹೇಳಿ: ಮುದಿ ಬಳ್ಳಿ, ಹರಿದ ಎಲೆ, ತುಂಡು ಬೇರು ಕಂಡರೆ ಬಿಟ್ಟುಬಿಡಿ. ಮಣ್ಣು ಬೇಡವೆನ್ನಬೇಡಿ, ನನ್ನ ಹಾಗೆ ಕೇಳಿ ತರಿಸಿಕೊಳ್ಳಿ; ಸುಳ್ಳು ಹೇಳಲು ಅದಕ್ಕೆ ಬಾಯಿಲ್ಲ. ಇಷ್ಟೆಲ್ಲ ಆಗದಿದ್ದರೆ ಸನ್‌ಡ್ಯೂವನ್ನು ಕಡುಬೇಸಿಗೆಯಲ್ಲಿ ಕೇಳಿ ನೋಡಿ. ಆಗಲೂ ಕೊಡುವವನಿದ್ದರೆ, ಅವನೊಂದಿಗೆ ಚೌಕಾಸಿಗೆ ಕೂಡ್ರಿ.