ಪಕ್ಕದ ಕಾಕಾನಿಗೂ ಬನ್ನಿ

ಹೋದ ವರ್ಷ ದಸರೆಯ ಸಂಜೆ ಉಣಕಲ್ಲಿನ ನಮ್ಮ ಓಣಿಯ ಹಿರಿಯ ಕಾಕಾ ಚಾಚಿದ ಕೈಗೆ, ಬಂಗಾರವೆಂದು ಹಂಚುವ ಬನ್ನಿ ಎಲೆಗಳನ್ನು ಇಡಹೋದೆ. ಅವು ಸೀದಾ ಪಕ್ಕದಲ್ಲಿದ್ದ ಅವರ ಚಪ್ಪಲಿಗೆ ಬಿದ್ದವು.

“ಬಂಗಾರ ತಂದು ಚಪ್ಪಲ್ಯಾಗ ಹಾಕ್ತೀಯೇನೋ?” ಎಂದು ಕಾಕಾ ಗುಡುಗಿದರು.

“ಸಿಟ್ಟಾಗಬ್ಯಾಡ್ರಿ ಕಾಕಾ. ಕಣ್ಣಿನ ನರ ಸೋತು ಎಲ್ಲಾ ಎರಡೆರಡು ಕಾಣಾಕತ್ತೈತಿ. ನೀವೂ ಇಬ್ಬರು ಕಂಡ್ರಿ, ನಾ ಸುಳ್ಳು ಕಾಕಾಗ ಕೊಟ್ಟೆ.”

ಕಾಕಾ ತಮ್ಮ ಎಡಬಲ ನೋಡಿಕೊಂಡರು. “ಹಂಗಾರ ಇಬ್ಬರ ಕಾಲಿಗೂ ಬೀಳು. ಅವಂಗ್ಯಾಕ ಬ್ಯಾಸರ?”

ಓಣಿಯೆಲ್ಲ ನಗುತ್ತಿರುವಾಗ ಎರಡು ಸಲ ಬಿದ್ದೆ.

ಕೆಲವು ತಿಂಗಳಲ್ಲಿ ಕಣ್ಣು ಸರಿಹೋಯಿತು. ಈ ದಸರೆಗೆ ಒಬ್ಬರೇ ಕಾಕಾ ಕಂಡರು. ಬನ್ನಿ ಕೊಟ್ಟು, ಕಾಲು ಮುಟ್ಟಿ ಏಳುವಷ್ಟರಲ್ಲಿ ಅವರು ಪಕ್ಕದ ಖಾಲಿ ಜಾಗ ತೋರಿಸಿ, “ಅವಂಗ?” ಎಂದರು. ಅಲ್ಲಿಗೂ ಬಾಗಿ ನಮಸ್ಕರಿಸಿದೆ.